ಆಟಗಾರರ ನಡುವಿನಿಂದ ಬಂದ ಸಹೋದ್ಯೋಗಿ

ನಾಲ್ಕು ವರ್ಷಗಳ ಹಿಂದೆ ನಮ್ಮ ಆಟಕ್ಕೆ ಆಟಗಾರರೊಬ್ಬರು ಒಂದು ಕೆಂಪು ಬಸ್ಸನ್ನು ಸೇರಿಸಿದರು. ನಾನು ಬೆಂಗಳೂರಿನ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ವಾಹನಗಳ ಮಾಡೆಲ್ ಮಾಡುವ ತಂಡವನ್ನು ನೋಡಿಕೊಳ್ಳುತ್ತೇನೆ. ಮೊಬೈಲಿನಲ್ಲಿ ಲಾರಿ, ಬಸ್ಸು ಓಡಿಸುವ ಆಟ ನಮ್ಮದು. ಆಟಗಾರರು ತಾವೇ ತಯಾರಿಸಿದ ವಾಹನಗಳನ್ನು, ಅಂದರೆ ಮಾಡ್‌ಗಳನ್ನು, ಸೇರಿಸಲು ಅದರಲ್ಲಿ ಅವಕಾಶ ಕೊಟ್ಟಿದ್ದೆವು. ಆ ಬಸ್ಸನ್ನು ಹತ್ತಿರದಿಂದ ನೋಡಿದಾಗ ನನ್ನ ಕಣ್ಣು ನಿಂತದ್ದು ಬಾಗಿಲ ಪಕ್ಕದ ಕಂಬಿಯ ಮೇಲೆ. ಹತ್ತುವವರ ಕೈ ಹಿಡಿಯುವ ಎತ್ತರದಲ್ಲಿ ಮಾತ್ರ ಅದರ ಬಣ್ಣ ಸವೆದು ಲೋಹ ಹೊಳೆಯುತ್ತಿತ್ತು, ಅದರ ಮೇಲೂ ಕೆಳಗೂ ಬಣ್ಣ ಇದ್ದ ಹಾಗೆಯೇ ಇತ್ತು. ಸಂಬಳ ಪಡೆದು ಇದೇ ಕೆಲಸ ಮಾಡುತ್ತಿದ್ದ ನಾವು ಅದುವರೆಗೆ ಮಾಡಿದ್ದ ಒಂದು ಬಸ್ಸಿನಲ್ಲೂ ಆ ಸವೆತ ಇರಲಿಲ್ಲ.

ಅದನ್ನು ಮಾಡಿದವರನ್ನು ಕೆಲಸಕ್ಕೆ ಕರೆಯಬೇಕು ಎಂದು ನಾನು ಹೇಳಿದಾಗ ಸ್ಟುಡಿಯೋದಲ್ಲಿ ಒಮ್ಮತ ಇರಲಿಲ್ಲ. ಹವ್ಯಾಸಕ್ಕೆ ಮಾಡುವುದು ಬೇರೆ, ಗಡುವಿಗೆ ಮಾಡುವುದು ಬೇರೆ ಎಂಬ ಮಾತು ಬಂತು. ಆದರೆ ಈ ಉದ್ಯಮದ ಚರಿತ್ರೆ ನನ್ನ ಪರವಾಗಿತ್ತು. ಕೌಂಟರ್ ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟ 1999ರಲ್ಲಿ ಹಾಫ್ ಲೈಫ್ ಆಟಕ್ಕೆ ಇಬ್ಬರು ಯುವಕರು ಮಾಡಿದ ಮಾಡ್ ಆಗಿಯೇ ಹೊರಬಂದದ್ದು. ಮಾರನೆಯ ವರ್ಷ ಹಾಫ್ ಲೈಫ್ ತಯಾರಿಸಿದ ವಾಲ್ವ್ ಕಂಪನಿ ಆ ಮಾಡ್ ಜೊತೆಗೆ ಅವರಿಬ್ಬರನ್ನೂ ತನ್ನೊಳಗೆ ಸೇರಿಸಿಕೊಂಡಿತು. ನಮ್ಮ ಊರೂರುಗಳಲ್ಲಿ ಹುಡುಗರು ಕಟ್ಟೆಯ ಮೇಲೆ ಕುಳಿತು ಆಡುತ್ತಿದ್ದ ಪಬ್‌ಜಿಯ ಮೂಲವೂ ಬ್ರೆಂಡನ್ ಗ್ರೀನ್ ಅವರು ಆರ್ಮಾ ಎಂಬ ಯುದ್ಧದ ಆಟಕ್ಕೆ ಮಾಡಿದ್ದ ಮಾಡ್‌ನಲ್ಲಿದೆ. ಅವರನ್ನು ಕೊರಿಯಾದ ಬ್ಲೂಹೋಲ್ ಕಂಪನಿ ಕರೆಸಿಕೊಂಡಿತು, ಆಟ 2017ರಲ್ಲಿ ಆಟಗಾರರ ಕೈಗೆ ಬಂತು.

ಬಸ್ಸು ಮಾಡಿದ ಹುಡುಗ ಹಾಸನ ಜಿಲ್ಲೆಯವರು. ಬಿ.ಕಾಂ. ಮುಗಿಸಿ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾ, ರಾತ್ರಿ ಹೊತ್ತು ಬ್ಲೆಂಡರ್ ಎಂಬ 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್ ಕಲಿತವರು. ಇಂಡೋನೇಷ್ಯಾದ ಬಸ್ ಸಿಮ್ಯುಲೇಟರ್ ಆಟಕ್ಕೆ ನಮ್ಮ ಸರ್ಕಾರಿ ಬಸ್ಸುಗಳ ಬಣ್ಣ ಬಳಿಯುವುದರಿಂದ ಶುರು ಮಾಡಿದ್ದರು; ದಕ್ಷಿಣ ಭಾರತದ ಎಷ್ಟೋ ಹುಡುಗರ ಅಕ್ಷರಾಭ್ಯಾಸ ಆಗಿರುವುದು ಅಲ್ಲಿಯೇ. ಅಳತೆ ಟೇಪು ಹಿಡಿದು ಬಸ್ ನಿಲ್ದಾಣಕ್ಕೆ ಹೋಗಿ, ಡಿಪೋಗೆ ಹೊರಡುವ ಮೊದಲು ನಿಂತಿರುತ್ತಿದ್ದ ಬಸ್ಸಿನ ಮೆಟ್ಟಿಲ ಎತ್ತರವನ್ನು ಡ್ರೈವರ್ ಅಣ್ಣನ ಅನುಮತಿ ಕೇಳಿ ಅಳೆದುಕೊಂಡಿದ್ದಾಗಿ ಹೇಳಿದರು. ನಮ್ಮ ಕಚೇರಿಯ ನಿಯಮದ ಪ್ರಕಾರ ಪದವಿ ಬೇರೆ ವಿಷಯದ್ದು, ಅನುಭವ ಶೂನ್ಯ, ಆದ್ದರಿಂದ ಅರ್ಜಿ ಮೊದಲ ಹಂತದಲ್ಲೇ ತಿರಸ್ಕೃತವಾಗುತ್ತಿತ್ತು. ಆ ಹುದ್ದೆಗೆ ಮಾತ್ರ ಆ ಎರಡೂ ಷರತ್ತುಗಳನ್ನು ತೆಗೆಸಲು ನನಗೆ ಒಂದು ತಿಂಗಳು ಹಿಡಿಯಿತು.

ಪರೀಕ್ಷೆಯನ್ನು ನಾನು ಬೇರೆ ರೀತಿಯಲ್ಲಿ ಇಟ್ಟೆ. ಮೂರು ವರ್ಷಗಳ ಕೆಲಸ ಎಲ್ಲರ ಕಣ್ಣೆದುರು ಇರುವಾಗ ಇನ್ನೊಂದು ವಾಹನವನ್ನು ಪುಕ್ಕಟೆ ಮಾಡಿ ತೋರಿಸು ಎನ್ನುವುದು ಅನ್ಯಾಯ. ಏಳು ದಿನದ ಕೆಲಸ ಕೊಟ್ಟೆವು, ಆ ಏಳು ದಿನಕ್ಕೆ ಹಣವನ್ನೂ ಕೊಟ್ಟೆವು. ಕೆಲಸವೆಂದರೆ ಹೊಸದನ್ನು ಕಟ್ಟುವುದಲ್ಲ. ನಮ್ಮಲ್ಲೇ ಯಾರೋ ಮಾಡಿಟ್ಟಿದ್ದ, ತೊಂಬತ್ತು ಸಾವಿರ ತ್ರಿಕೋನಗಳ ಭಾರದ ಲಾರಿಯೊಂದನ್ನು ಇಪ್ಪತ್ತೈದು ಸಾವಿರಕ್ಕೆ ಇಳಿಸುವುದು. ಮಾಡೆಲ್‌ನ ಮೈ ಸಣ್ಣ ಸಣ್ಣ ತ್ರಿಕೋನಗಳಿಂದ ಆಗಿರುತ್ತದೆ, ಅವು ಹೆಚ್ಚಾದಷ್ಟೂ ಮೊಬೈಲಿಗೆ ಭಾರ. ಮಾಡರ್, ಅಂದರೆ ಮಾಡ್ ತಯಾರಿಸುವವರು, ತಮ್ಮ ಪ್ರೀತಿಯ ವಸ್ತುವನ್ನು ಚೆನ್ನಾಗಿ ಮಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಬೇರೆಯವರ ಫೈಲಿನೊಳಗೆ ತಾಳ್ಮೆಯಿಂದ ಇರಬಲ್ಲರೇ ಎಂಬುದನ್ನು ನಾನು ತಿಳಿಯಬೇಕಾಗಿತ್ತು.

ಎಂಟನೆಯ ದಿನ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತು ಫೈಲ್ ತೆರೆದೆವು. ಚಕ್ರದ ಹೊರ ಅಂಚನ್ನು ಅವರು ಮುಟ್ಟಿರಲಿಲ್ಲ, ಏಕೆಂದರೆ ಅಲ್ಲಿ ಕಡಿಮೆ ಮಾಡಿದರೆ ದುಂಡಗಿನ ಚಕ್ರ ಕೋನಕೋನವಾಗಿ ಕಾಣುತ್ತದೆ. ಒಳಗಿನ ನಟ್ಟು ಬೋಲ್ಟುಗಳನ್ನೆಲ್ಲ ತೆಗೆದು, ಉಬ್ಬು ಇರುವಂತೆ ತೋರಿಸುವ ನಾರ್ಮಲ್ ಮ್ಯಾಪ್ ಎಂಬ ಚಿತ್ರಕ್ಕೆ ಇಳಿಸಿದ್ದರು. ಮುಂದಿನ ಬಂಪರ್‌ನ ಒಳಮೈಯನ್ನು ಪೂರ್ತಿ ಅಳಿಸಿದ್ದರು. ಏಕೆಂದು ಕೇಳಿದೆ. “ಸರ್, ಆಡುವವರು ಕ್ಯಾಮೆರಾವನ್ನು ಲಾರಿಯ ಹಿಂದೆ ಇಟ್ಟಿರುತ್ತಾರೆ, ಇಲ್ಲವೇ ಡ್ರೈವರ್ ಸೀಟಿನಲ್ಲಿ ಇಟ್ಟಿರುತ್ತಾರೆ. ಬಂಪರ್ ಒಳಗೆ ಯಾರೂ ನೋಡುವುದಿಲ್ಲ. ಉಳಿದ ತ್ರಿಕೋನಗಳನ್ನು ಸ್ಟೀರಿಂಗ್‌ಗೆ ಕೊಟ್ಟಿದ್ದೇನೆ,” ಎಂದರು. ಮಾಡರ್‌ಗಳನ್ನು ಏಕೆ ತೆಗೆದುಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಮಾತನ್ನೇ ಹೇಳುತ್ತೇನೆ. ಆಡುವವರ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಕೋರ್ಸಿನಲ್ಲಿ ಕಲಿಸಲು ಆಗುವುದಿಲ್ಲ. ಅದು ನೂರಾರು ಗಂಟೆ ಆಡಿ, ತಾನು ಮಾಡಿದ್ದನ್ನು ಇತರರು ಆಡುವಾಗ ನೋಡಿ, ಅವರಿಂದ ಬೈಸಿಕೊಂಡು ಬಂದ ತಿಳಿವಳಿಕೆ.

ಮೊದಲ ಆರು ತಿಂಗಳು ಸುಲಭವಾಗಿರಲಿಲ್ಲ, ಅದರ ಹೆಚ್ಚಿನ ಹೊಣೆ ನನ್ನದು. ಎರಡನೆಯ ತಿಂಗಳಲ್ಲಿ ಅವರು ಕೊಟ್ಟ ವಾಹನವೊಂದರ ಡ್ಯಾಶ್‌ಬೋರ್ಡ್‌ನ ಮೀಟರ್‌ಗಳು ಬೇರೊಬ್ಬ ಮಾಡರ್ ಹಂಚಿದ್ದವು ಎಂದು ಬಿಡುಗಡೆಗೆ ಸ್ವಲ್ಪ ಮೊದಲು ತಿಳಿಯಿತು. ಮಾಡ್ ಲೋಕದಲ್ಲಿ ಎಷ್ಟೋ ಸಲ ಹೆಸರು ಹಾಕಿ ಕೃತಜ್ಞತೆ ಹೇಳಿದರೆ ಸಾಕಾಗುತ್ತದೆ. ಹಣಕ್ಕೆ ಮಾರುವ ಆಟದಲ್ಲಿ ಲಿಖಿತ ಅನುಮತಿ ಇಲ್ಲದ ಒಂದು ಸ್ಕ್ರೂ ಕೂಡ ಇರುವಂತಿಲ್ಲ. ಆ ವ್ಯತ್ಯಾಸವನ್ನು ಅವರಿಗೆ ಮೊದಲ ದಿನವೇ ಹೇಳಬೇಕಾಗಿದ್ದವನು ನಾನು. ಮೀಟರ್‌ಗಳನ್ನು ಮತ್ತೆ ಮಾಡಿ, ಬಿಡುಗಡೆಯನ್ನು ಮೂರು ವಾರ ಮುಂದೂಡಿದೆವು. ಒಬ್ಬರೇ ಕೆಲಸ ಮಾಡಿ ರೂಢಿಯಾದವರಿಗೆ ಫೈಲ್‌ಗಳ ಹೆಸರಿಡುವ ಪದ್ಧತಿ, ದಿನದ ಕೆಲಸವನ್ನು ಸಂಜೆ ಸರ್ವರ್‌ಗೆ ಸೇರಿಸುವ ಶಿಸ್ತು, ಇಲ್ಲಿಗೆ ಸಾಕು ಎಂದು ನಿಲ್ಲಿಸುವುದು, ಎಲ್ಲವೂ ಹೊಸದು. ಇವುಗಳಲ್ಲಿ ನಿಲ್ಲಿಸುವುದೇ ಅತ್ಯಂತ ಕಷ್ಟವಾಗಿತ್ತು.

ಕರಾರುಪತ್ರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸ್ಟುಡಿಯೋಗಳು ತಿಳಿದೋ ತಿಳಿಯದೆಯೋ ತಪ್ಪು ಮಾಡುವುದು ಇಲ್ಲಿಯೇ. ಉದ್ಯೋಗಿ ತಯಾರಿಸಿದ್ದೆಲ್ಲವೂ ಕಂಪನಿಗೆ ಸೇರಿದ್ದು ಎಂಬ ಸಾಲು ನಮ್ಮ ಪತ್ರದಲ್ಲೂ ಇತ್ತು. ಸಹಿ ಹಾಕುವ ಮೊದಲು ಅವರು, “ನನ್ನ ಹಳೆಯ ನಲವತ್ತೊಂದು ಮಾಡ್‌ಗಳು ಏನಾಗುತ್ತವೆ ಸರ್?” ಎಂದು ಕೇಳಿದರು. ಅವುಗಳ ಪಟ್ಟಿಯನ್ನು ಪತ್ರಕ್ಕೆ ಅನುಬಂಧವಾಗಿ ಸೇರಿಸಿ, ಅವು ಅವರವೇ ಎಂದೂ, ಬೇರೆ ಆಟಗಳಿಗೆ ಬಿಡುವಿನಲ್ಲಿ ಮಾಡುವ ಮಾಡ್‌ಗಳೂ ಹಣಕ್ಕೆ ಮಾರದಿರುವವರೆಗೆ ಅವರವೇ ಎಂದೂ ಬರೆಸಿದೆವು. ಸಂಬಳವನ್ನು ಆ ಹುದ್ದೆಯ ಉಳಿದವರಿಗೆ ಸಮನಾಗಿಯೇ ಕೊಡಿಸಿದೆ. ಇಷ್ಟಪಟ್ಟು ಮಾಡುವವರು ಕಡಿಮೆಗೂ ಬರುತ್ತಾರೆ ಎಂಬ ಲೆಕ್ಕಾಚಾರ ಈ ಉದ್ಯಮದಲ್ಲಿ ಇದೆ. ಆ ಲೆಕ್ಕಾಚಾರದಿಂದ ಬಂದವರು ಎರಡು ವರ್ಷದೊಳಗೆ ಬತ್ತಿ ಹೋದದ್ದನ್ನು ನಾನು ಕಂಡಿದ್ದೇನೆ.

ಪ್ರತಿಭೆ ಇರುವ ಎಲ್ಲ ಮಾಡರ್‌ಗಳನ್ನೂ ತೆಗೆದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ನಂತರ ಬಂದ ಒಬ್ಬರ ಕೈಕೆಲಸ ಇವರಿಗಿಂತ ಚೆನ್ನಾಗಿತ್ತು. ಆದರೆ ಹೊಸಬರ ಮಾಡ್‌ಗಳ ಬಗ್ಗೆ ಅವರು ಬರೆಯುತ್ತಿದ್ದ ಮಾತುಗಳನ್ನು ಓದಿದ ಮೇಲೆ, ಅವರ ಪಕ್ಕದ ಮೇಜಿನಲ್ಲಿ ಕಲಿಯುವವರನ್ನು ಕೂರಿಸಲು ನನಗೆ ಧೈರ್ಯ ಬರಲಿಲ್ಲ. ಇಂಜಿನಿಯರಿಂಗ್ ಓದುತ್ತಿದ್ದ ಇನ್ನೊಬ್ಬರು ಕೆಲಸ ಬೇಡ ಎಂದರು. ಅವರಿಗೆ ಆಗಾಗ ಒಂದೊಂದು ವಾಹನವನ್ನು ಹಣ ಕೊಟ್ಟು ಮಾಡಿಸುತ್ತೇವೆ, ಅದು ಇಬ್ಬರಿಗೂ ಒಪ್ಪಿಗೆಯಾಗಿದೆ.

ಹಾಸನದವರು ಈಗ ನಮ್ಮಲ್ಲಿ ಹೊಸಬರ ಕೆಲಸ ನೋಡುವ ಜವಾಬ್ದಾರಿಯಲ್ಲಿದ್ದಾರೆ. ಕಳೆದ ವಾರ ಶಿವಮೊಗ್ಗದ ಕಡೆಯ ಒಬ್ಬ ಹುಡುಗಿ ತಾನು ಮಾಡಿದ ಟ್ಯಾಂಕರ್ ಲಾರಿಯ ಫೈಲನ್ನು ತಂದಿದ್ದಳು. ಅವರು ಅದನ್ನು ತೆರೆದು, ಚಕ್ರದ ಸುತ್ತ ಒಮ್ಮೆ ತಿರುಗಿಸಿ ನೋಡಿ, “ತುಂಬಾ ಚೆನ್ನಾಗಿ ಮಾಡಿದ್ದೀಯಮ್ಮ. ಇದರಲ್ಲಿ ಯಾವ ಯಾವ ಭಾಗ ನಿನ್ನದು, ಯಾವುದು ಎಲ್ಲಿಂದ ಬಂದದ್ದು, ಒಂದೊಂದಾಗಿ ತೋರಿಸು,” ಎಂದು ಮೌಸನ್ನು ಅವಳ ಕಡೆಗೆ ಸರಿಸಿದರು.