ಸ್ಯಾಫ್ ಹುಡುಗಿಯರ ಫುಟ್‌ಬಾಲ್: ನೋಟ್‌ಬುಕ್ ಹಿಡಿದು ನೋಡುವುದು ಹೇಗೆ?

ದಕ್ಷಿಣ ಏಷ್ಯಾದ ಹುಡುಗಿಯರ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟ) ಚಾಂಪಿಯನ್‌ಶಿಪ್ ಶುರುವಾಗುತ್ತೆ ಅಂದರೆ ನಾನು ಒಂದು ಗೆರೆ ನೋಟ್‌ಬುಕ್ ತೆಗೆದಿಡುತ್ತೇನೆ. ಪಕ್ಕದಲ್ಲಿ ಅಣ್ಣನ ಮಗಳು ಕೂರುತ್ತಾಳೆ. ಅವಳು ಗೋಲ್‌ಕೀಪರ್. ಈ ಪಂದ್ಯಗಳ ಬಗ್ಗೆ ಪೇಪರ್‌ನಲ್ಲಿ ನಾಲ್ಕು ಸಾಲು ಬಂದರೆ ಜಾಸ್ತಿ. ಹಾಗಾಗಿ ನಾವೇ ಬರೆದಿಟ್ಟುಕೊಳ್ಳಬೇಕು.

ಮೊದಲ ಪುಟದಲ್ಲಿ ಮೂರೇ ವಿಷಯ ಸಾಕು: ಯಾವ ವಯಸ್ಸು, ಎಷ್ಟು ತಂಡ, ಫೈನಲ್ ಇದೆಯೋ ಇಲ್ಲವೋ. ಹೆಸರು ನೋಡಿ ಗೊಂದಲ ಬೇಡ. ದೊಡ್ಡ ಹುಡುಗಿಯರ ಟೂರ್ನಿ ಒಂದು ವರ್ಷ ಅಂಡರ್-18, ಇನ್ನೊಂದು ವರ್ಷ 19, ಮತ್ತೊಮ್ಮೆ 20. ಚಿಕ್ಕವರದ್ದು 15, 16, 17 ಅಂತ ಬದಲಾಗುತ್ತಾ ಬಂದಿದೆ.

ಫೈನಲ್ ಇಲ್ಲದಿದ್ದರೆ ಅಂಕಪಟ್ಟಿಯೇ ಎಲ್ಲ. ಪ್ರತಿ ತಂಡಕ್ಕೂ ಒಂದು ಸಾಲು ಎಳೆಯಿರಿ. ಗೆಲುವು, ಡ್ರಾ, ಸೋಲು, ಹೊಡೆದ ಗೋಲು, ಬಿಟ್ಟ ಗೋಲು, ಅಂಕ. ಹೊಡೆದದ್ದರಲ್ಲಿ ಬಿಟ್ಟದ್ದನ್ನು ಕಳೆದರೆ ಗೋಲ್ ಡಿಫರೆನ್ಸ್. ಈ ಕಾಲಂ ಮಾತ್ರ ಬಿಡಲೇಬೇಡಿ. 2022ರ ಮಾರ್ಚ್‌ನಲ್ಲಿ ಜಮ್‌ಶೆಡ್‌ಪುರದಲ್ಲಿ ಮೂರೇ ತಂಡಗಳಿದ್ದವು: ಭಾರತ, ಬಾಂಗ್ಲಾದೇಶ, ನೇಪಾಳ. ಕೊನೆಯ ಪಂದ್ಯದಲ್ಲಿ ಭಾರತ ಬಾಂಗ್ಲಾದೇಶಕ್ಕೆ 1-0ರಿಂದ ಸೋತಿತು. ಇಬ್ಬರದ್ದೂ 9 ಅಂಕ. ಆದರೂ ಗೋಲ್ ಡಿಫರೆನ್ಸ್ ಜಾಸ್ತಿ ಇದ್ದದ್ದರಿಂದ ಕಪ್ ಬಂದದ್ದು ಭಾರತಕ್ಕೆ! ಮೊದಲ ಪಂದ್ಯದಲ್ಲಿ ನೇಪಾಳಕ್ಕೆ ಹೊಡೆದ ಏಳು ಗೋಲು ಅವತ್ತು ಕೈ ಹಿಡಿಯಿತು. ಅದಕ್ಕೇ, 4-0 ಆದ ಮೇಲೂ ಹುಡುಗಿಯರು ಓಡುತ್ತಲೇ ಇದ್ದರೆ 'ಇನ್ನೂ ಯಾಕೆ' ಅಂತ ಟಿವಿ ಆಫ್ ಮಾಡಬೇಡಿ.

ಕೊನೆಯ ದಿನಕ್ಕೆ ಮುಂಚೆ ಒಂದು ಖಾಲಿ ಪುಟದಲ್ಲಿ 'ಗೆದ್ದರೆ, ಡ್ರಾ ಆದರೆ, ಸೋತರೆ' ಅಂತ ಬರೆದು ಲೆಕ್ಕ ಹಾಕಿ. ಪಂದ್ಯ ನೋಡುವ ರೀತಿಯೇ ಬದಲಾಗುತ್ತೆ.

ಫೈನಲ್ ಇದ್ದರೆ ಪೆನಾಲ್ಟಿ ಶೂಟೌಟ್‌ಗೆ, ಅಂದರೆ ಪಂದ್ಯ ಸಮವಾದಾಗ ಒಬ್ಬೊಬ್ಬರಾಗಿ ಗೋಲಿಗೆ ಹೊಡೆಯುವುದಕ್ಕೆ, ಎರಡು ಪುಟ ಬಿಡಿ. ಎರಡೂ ಕಡೆ 1ರಿಂದ 11 ಬರೆಯಿರಿ, ಮೊದಲ ಐದೈದು ಹೊಡೆತಕ್ಕೇ ನಿಲ್ಲಿಸಬೇಡಿ. ನಾನು ಇದನ್ನು ಕಲಿತದ್ದು 2024ರ ಫೆಬ್ರವರಿ 8ರಂದು. ಢಾಕಾದಲ್ಲಿ ಅಂಡರ್-19 ಫೈನಲ್. 8ನೇ ನಿಮಿಷದಲ್ಲಿ ಸಿಬಾನಿ ದೇವಿ ಭಾರತಕ್ಕೆ ಗೋಲು ಹೊಡೆದಳು. ಇಂಜುರಿ ಟೈಮ್‌ನಲ್ಲಿ ಬಾಂಗ್ಲಾದೇಶದ ಸಾಗೊರಿಕಾ ಸಮ ಮಾಡಿದಳು. ಶೂಟೌಟ್‌ನಲ್ಲಿ ಇಪ್ಪತ್ತೆರಡು ಜನರೂ, ಗೋಲ್‌ಕೀಪರ್‌ಗಳು ಸೇರಿ, ಒಬ್ಬರೂ ತಪ್ಪಲಿಲ್ಲ. 11-11! ನನ್ನ ಪುಟದಲ್ಲಿ ಜಾಗವೇ ಇರಲಿಲ್ಲ, ಅಂಚಿನಲ್ಲಿ ಬರೆದೆ.

ಆಮೇಲೆ ನಾಣ್ಯ ಚಿಮ್ಮಿ ಭಾರತ ಗೆದ್ದಿತು ಅಂದರು. ಬಾಂಗ್ಲಾದೇಶ ಒಪ್ಪಲಿಲ್ಲ, ಅದು ಸರಿಯೇ. ನಿಯಮದಲ್ಲಿ ಗೆಲುವನ್ನು ನಾಣ್ಯದಿಂದ ತೀರ್ಮಾನಿಸುವ ಮಾತೇ ಇಲ್ಲ. ಎಲ್ಲರೂ ಒಂದು ಸಲ ಹೊಡೆದ ಮೇಲೆ ಎರಡನೇ ಸುತ್ತು ಶುರುವಾಗಬೇಕು. ಬೇಕಿದ್ದರೆ ಆಗ ಹೊಡೆಯುವವರ ಕ್ರಮ ಬದಲಿಸಬಹುದು. ಕೊನೆಗೆ ಎರಡೂ ತಂಡಗಳಿಗೆ ಕಪ್ ಹಂಚಿದರು. ಆ ರಾತ್ರಿ ಅಣ್ಣನ ಮಗಳು ಮಲಗಲೇ ಇಲ್ಲ. 'ಗೋಲ್‌ಕೀಪರ್ ಕೂಡ ಹೊಡೆಯಬೇಕಾ ಅತ್ತೆ?' ಅಂತ ಕೇಳಿದಳು. ಈಗ ಅವಳು ದಿನಾ ಹತ್ತು ಪೆನಾಲ್ಟಿ ಹೊಡೆದು ಅಭ್ಯಾಸ ಮಾಡುತ್ತಾಳೆ.

ಆಟ ಎಲ್ಲಿ ನಡೆಯುತ್ತಿದೆ ಅನ್ನುವುದನ್ನೂ ಮೂಲೆಯಲ್ಲಿ ಬರೆದುಕೊಳ್ಳಿ. ಭೂತಾನ್ ರಾಜಧಾನಿ ಥಿಂಪು ಎರಡು ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ. ಅಲ್ಲಿ ಬಯಲು ಸೀಮೆಯಿಂದ ಹೋದ ಮಕ್ಕಳಿಗೆ ಬೇಗ ಉಸಿರು ಹತ್ತುತ್ತೆ. ಕೊನೆಯ ಇಪ್ಪತ್ತು ನಿಮಿಷ ಗಮನವಿಟ್ಟು ನೋಡಿ.

ಕೊನೆಯ ಪುಟ ಹೆಸರುಗಳಿಗೆ. ಇಷ್ಟವಾದ ಆಟಗಾರ್ತಿಯರನ್ನು ಬರೆಯಿರಿ, ಎದುರಾಳಿ ತಂಡದವರನ್ನೂ. ನಾನು 2024ರಲ್ಲಿ ಸಾಗೊರಿಕಾ ಹೆಸರಿನ ಕೆಳಗೆ ಗೆರೆ ಎಳೆದಿದ್ದೆ. 2025ರ ಜುಲೈನಲ್ಲಿ ಅಂಡರ್-20ರ ಕೊನೆಯ ಪಂದ್ಯ, ಮತ್ತೆ ಢಾಕಾದಲ್ಲಿ. ಬಾಂಗ್ಲಾದೇಶ ನೇಪಾಳವನ್ನು 4-0ರಿಂದ ಸೋಲಿಸಿತು. ನಾಲ್ಕೂ ಗೋಲು ಅವಳದ್ದೇ. ನಾನು ಹಳೆಯ ನೋಟ್‌ಬುಕ್ ಹುಡುಕಿ ತೆಗೆದು, ಆ ಗೆರೆಯ ಪಕ್ಕ 4 ಅಂತ ಬರೆದೆ.