ಪ್ರೌಢಶಾಲೆಯಲ್ಲಿ ವೃತ್ತಿ ಶಿಕ್ಷಣ: ವೇಳಾಪಟ್ಟಿಯಿಂದ ಇಂಗುಗುಂಡಿಯವರೆಗೆ ನಾವು ಮಾಡಿದ ರೀತಿ

ಪ್ರೌಢಶಾಲೆಗೆ ವೃತ್ತಿ ಶಿಕ್ಷಣ ಬಂದರೆ ಅದು ಮೊದಲು ಎಡವುವುದು ವೇಳಾಪಟ್ಟಿಯಲ್ಲಿ. 40 ನಿಮಿಷದ ಪೀರಿಯಡ್‌ನಲ್ಲಿ ಉಪಕರಣ ಹಂಚಲು ಹತ್ತು ನಿಮಿಷ ಬೇಕು, ಎಣಿಸಿ ವಾಪಸ್ ಇಟ್ಟು ಕಸ ಗುಡಿಸಲು ಇನ್ನು ಹತ್ತು. ಉಳಿದ ಇಪ್ಪತ್ತು ನಿಮಿಷದಲ್ಲಿ ಒಂದು ಪೈಪ್ ಅರ್ಧ ಕೊಯ್ದಿರುತ್ತಾರೆ, ಅಷ್ಟೇ. ಕೆಲವು ವಾರ ಹೀಗೇ ಆದರೆ ಮೇಷ್ಟ್ರು ಪುಸ್ತಕ ತೆರೆದು ನೋಟ್ಸ್ ಬರೆಸಲು ಶುರು ಮಾಡುತ್ತಾರೆ, ವರ್ಕ್‌ಶಾಪ್‌ಗೆ ಬೀಗ ಬೀಳುತ್ತದೆ. ಶಾಲೆಯಲ್ಲೇ ಕೈಕೆಲಸ ಕಲಿಸುವ ಕಾರ್ಯಾನುಭವದ ಪೀರಿಯಡ್ ಶಿಕ್ಷಣ ಸುಧಾರಣೆಯ ಕೊಠಾರಿ ಆಯೋಗದ (1964–66) ಕಾಲದಿಂದ ಕೇಳಿಬರುತ್ತಿದ್ದರೂ ಬಹಳ ಕಡೆ ಗಣಿತದ ಪೋರ್ಷನ್ ಮುಗಿಸುವ ಹೊತ್ತಾಗಿಬಿಟ್ಟಿದ್ದಕ್ಕೆ ಇದೂ ಒಂದು ಕಾರಣ ಎಂದೇ ನನ್ನ ಅಭಿಪ್ರಾಯ. ಅದಕ್ಕೇ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಉಪಕರಣ ಖರೀದಿಗೂ ಮೊದಲು ವಾರದ ಆರು ಪೀರಿಯಡ್‌ಗಳನ್ನು ಮೂರು ಮೂರರಂತೆ ಎರಡು ದಿನಕ್ಕೆ ಜೋಡಿಸಿಕೊಂಡೆವು. ಒಂದು ಸಲಕ್ಕೆ ಎರಡು ಗಂಟೆ ಸಿಕ್ಕರೆ ಕೈಗೆ ಹಿಡಿದ ಕೆಲಸ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ.

ಜೋಡಿಸುವಾಗ ಒಂದು ತೊಡಕಿದೆ. ಕರ್ನಾಟಕದಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯ ವೃತ್ತಿ ವಿಷಯವನ್ನು ತೃತೀಯ ಭಾಷೆಯ ಬದಲಿಗೆ ತೆಗೆದುಕೊಳ್ಳಬಹುದು. ಒಂದೇ ತರಗತಿಯಲ್ಲಿ ಕೆಲವರು ತೃತೀಯ ಭಾಷೆಯಾಗಿ ಹಿಂದಿ ಓದುವವರು, ಕೆಲವರು ವೃತ್ತಿ ವಿಷಯದ ನಮ್ಮವರು. ಆದರೆ ಭಾಷೆಯ ಪಾಠವನ್ನು ಎರಡು ಗಂಟೆ ಒಂದೇ ಸಮನೆ ಹೇಳಿದರೆ ಮಕ್ಕಳಿಗೆ ತಲೆಗೆ ಹತ್ತದು. ನಾವು ಮಾಡಿದ್ದಿಷ್ಟು: ಆ ಮೂರು ಪೀರಿಯಡ್‌ಗಳಲ್ಲಿ ಹಿಂದಿಯವರಿಗೆ ಒಂದು ಹಿಂದಿ, ಒಂದು ಆಟ, ಒಂದು ಗ್ರಂಥಾಲಯ. ಬೇರೆ ದಿನ ಅವರಿಗೆ ಹಿಂದಿ ನಡೆಯುವಾಗ ನಮ್ಮ ಮಕ್ಕಳಿಗೆ ಆಟ, ಗ್ರಂಥಾಲಯ. ಇದಕ್ಕೆ ಹಿಂದಿ ಮೇಡಂ ಮತ್ತು ದೈಹಿಕ ಶಿಕ್ಷಕರನ್ನು ಜೂನ್ ಮೊದಲ ವಾರದಲ್ಲೇ ಕೂರಿಸಿಕೊಂಡು ಮಾತಾಡಬೇಕು. ವೇಳಾಪಟ್ಟಿ ಗೋಡೆಗೆ ಅಂಟಿಸಿದ ಮೇಲೆ ಯಾರೂ ಬದಲಾಯಿಸಲು ಒಪ್ಪುವುದಿಲ್ಲ.

ಕೆಲಸದ ಮಾದರಿಯನ್ನು ನಾವು ಎರವಲು ತಂದದ್ದು ಮಹಾರಾಷ್ಟ್ರದಿಂದ. ಪುಣೆ ಜಿಲ್ಲೆಯ ಪಾಬಳ್‌ನಲ್ಲಿ ಡಾ. ಎಸ್. ಎಸ್. ಕಲ್‌ಬಾಗ್ 1983ರಲ್ಲಿ ಕಟ್ಟಿದ ವಿಜ್ಞಾನ ಆಶ್ರಮ ಪ್ರೌಢಶಾಲೆಗಳಿಗೆ ಒಂದು ಕ್ರಮ ರೂಪಿಸಿತು. ವಾರಕ್ಕೊಂದು ದಿನ ಪೂರ್ತಿ ಕೈಕೆಲಸ. ವಿಭಾಗ ನಾಲ್ಕು: ವರ್ಕ್‌ಶಾಪ್, ಶಕ್ತಿ ಮತ್ತು ಪರಿಸರ, ಕೃಷಿ ಮತ್ತು ಪಶುಪಾಲನೆ, ಮನೆ ಮತ್ತು ಆರೋಗ್ಯ. ಕಲಿಸುವವರು ಅದೇ ಊರಿನ ಕಸುಬುದಾರರು. ಮಕ್ಕಳು ಮಾಡಿದ್ದು ಊರಿಗೋ ಶಾಲೆಗೋ ನಿಜವಾಗಿ ಬಳಕೆಗೆ ಬರಬೇಕು. ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯ. ಅಭ್ಯಾಸಕ್ಕೆಂದು ಕೊಯ್ದು ಗುಜರಿಗೆ ಹಾಕುವ ತುಂಡಿನ ಅಳತೆ ಎರಡು ಮಿಲಿಮೀಟರ್ ತಪ್ಪಿದರೆ ಯಾರಿಗೂ ಏನೂ ಅನ್ನಿಸದು. ಎಂಟನೇ ತರಗತಿಯವರು ಕೂರುವ ಬೆಂಚಿನ ಕಾಲು ಎರಡು ಮಿಲಿಮೀಟರ್ ತಪ್ಪಿದರೆ ಬೆಂಚು ಅಲ್ಲಾಡುತ್ತದೆ, ಮರುದಿನವೇ ದೂರು ಬರುತ್ತದೆ. ಅಳತೆಯ ಬೆಲೆ ಮಕ್ಕಳಿಗೆ ತಿಳಿಯುವುದು ಆ ದೂರಿನಿಂದ.

40 ಮಕ್ಕಳನ್ನು ಹತ್ತರಂತೆ ನಾಲ್ಕು ತಂಡ ಮಾಡುತ್ತೇವೆ. ಒಂದು ಹೊತ್ತಿಗೆ ಅಪಾಯದ ಉಪಕರಣ ಹಿಡಿಯುವುದು ಒಂದೇ ತಂಡ. ತರಬೇತುದಾರರು ಅವರನ್ನು ಬಿಟ್ಟು ಅಲುಗಾಡಬಾರದು. ಎರಡನೆಯ ತಂಡ ಅಳತೆ, ನಕ್ಷೆ, ಖರ್ಚಿನ ಲೆಕ್ಕದಲ್ಲಿ, ಮೂರನೆಯದು ಕೈತೋಟದಲ್ಲಿ, ನಾಲ್ಕನೆಯದು ಬಿಚ್ಚುವ, ಜೋಡಿಸುವ, ಕರೆಂಟ್ ಬೇಡದ ರಿಪೇರಿಯಲ್ಲಿ. ನಾಲ್ಕೂ ತಂಡಕ್ಕೆ ನಾಲ್ಕು ಯಂತ್ರ ಕೊಟ್ಟರೆ ಕೋಣೆ ಗಿಜಿಗುಟ್ಟುತ್ತದೆ, ಫೋಟೋಕ್ಕೆ ಚೆನ್ನಾಗಿರುತ್ತದೆ, ಯಾವುದೋ ಒಂದು ಮೂಲೆಯಲ್ಲಿ ಒಂದು ಮಗು ಬೆರಳು ಕತ್ತರಿಸಿಕೊಳ್ಳುತ್ತದೆ.

ಉಪಕರಣದ ವಿಷಯದಲ್ಲಿ ಮೊದಲ ವರ್ಷಕ್ಕೆ ಕೈ ಉಪಕರಣಗಳೇ ಸಾಕು. 4 ಇಂಚಿನ ಬೆಂಚ್ ವೈಸ್ (ತುಂಡನ್ನು ಬಿಗಿಹಿಡಿಯುವ ಸಾಧನ) ಎರಡು, 12 ಇಂಚಿನ ಹ್ಯಾಕ್ಸಾ (ಲೋಹ ಕೊಯ್ಯುವ ಗರಗಸ) ಫ್ರೇಮ್ ನಾಲ್ಕು, 10 ಇಂಚಿನ ಚಪ್ಪಟೆ ಅರ (ಲೋಹ ಉಜ್ಜುವ ಫೈಲ್) ನಾಲ್ಕು, ಮೂಲೆಮಟ್ಟ, ಸ್ಟೀಲ್ ಸ್ಕೇಲ್, ಅರ್ಧ ಕಿಲೋ ಸುತ್ತಿಗೆ, 8 ಇಂಚಿನ ಪ್ಲೈಯರ್, ಕೈ ಡ್ರಿಲ್ಲು, ಲೈನ್ ಟೆಸ್ಟರ್, ಒಂದು ಮಲ್ಟಿಮೀಟರ್, ತಂಡಕ್ಕೆ ಸಾಕಾಗುವಷ್ಟು ಕನ್ನಡಕ. ವೈಸ್‌ನ ಬಾಯಿ ನಿಂತವರ ಮೊಣಕೈ ಮಟ್ಟಕ್ಕೆ ಬರಬೇಕು. ದೊಡ್ಡವರಿಗೆಂದು ಮಾಡಿದ ಮೇಜಿನ ಮೇಲೆ ಕೂರಿಸಿದರೆ ಒಂಬತ್ತನೇ ತರಗತಿಯ ಮಗು ಭುಜ ಎತ್ತಿ ಅರ ಉಜ್ಜುತ್ತದೆ, ಮೇಲ್ಮೈ ಉಬ್ಬಿ ಬರುತ್ತದೆ. ಮೇಜು ಕತ್ತರಿಸುವ ಬದಲು ನಿಲ್ಲಲು ಹಲಗೆಯ ಮೆಟ್ಟಿಲು ಮಾಡಿಸಿದರೆ ಸಾಕು.

ಹ್ಯಾಕ್ಸಾ ಬ್ಲೇಡು ಅತಿ ಹೆಚ್ಚು ಮುರಿಯುವ ವಸ್ತು. ಕಾರಣ ಮೂರೇ. ಹಲ್ಲು ಮುಂದಕ್ಕೆ ನೋಡಬೇಕು, ಮಕ್ಕಳು ತಿರುಗಾಮುರುಗಾ ಹಾಕುತ್ತಾರೆ. ಹಿಂದಕ್ಕೆ ಎಳೆಯುವಾಗಲೂ ಒತ್ತುತ್ತಾರೆ. ತೆಳು ಪೈಪಿಗೆ ಒರಟು ಹಲ್ಲಿನ ಬ್ಲೇಡು ಹಾಕುತ್ತಾರೆ. ಲೋಹದ ದಪ್ಪದಲ್ಲಿ ಕನಿಷ್ಠ ಎರಡು ಮೂರು ಹಲ್ಲು ಕೂತಿರಬೇಕು. 1.6 ಮಿ.ಮೀ. ದಪ್ಪದ ಪೈಪಿಗೆ ಇಂಚಿಗೆ 32 ಹಲ್ಲಿನದು, ಗಟ್ಟಿ ಸರಳಿಗೆ 18ರದ್ದು. ಇದನ್ನು ಬೋರ್ಡಿನ ಮೇಲೆ ಬರೆದರೆ ಮರೆಯುತ್ತಾರೆ. ಅಂಗಡಿಯಿಂದ ಬ್ಲೇಡು ತರಲು ಅವರನ್ನೇ ಕಳಿಸಿ, ಮರೆಯುವುದಿಲ್ಲ.

ಉಪಕರಣ ಇಡುವ ಪ್ಲೈವುಡ್ ಹಲಗೆಯ ಮೇಲೆ ಪ್ರತಿಯೊಂದರ ಆಕಾರ ಬಣ್ಣದಲ್ಲಿ ಬರೆದಿದೆ. ತೆಗೆದುಕೊಂಡವರು ತಮ್ಮ ಹಾಜರಿ ಸಂಖ್ಯೆಯ ಬಿಲ್ಲೆಯನ್ನು ಆ ಜಾಗದಲ್ಲಿ ತೂಗುಹಾಕಬೇಕು. ಎಣಿಸುವ ಕೆಲಸವೇ ಬೇಡ, ಬಿಲ್ಲೆ ನೇತಾಡುತ್ತಿದ್ದರೆ ಸಾಮಾನು ಬಂದಿಲ್ಲ ಎಂದರ್ಥ.

ವಿದ್ಯುತ್ ಕೆಲಸಕ್ಕೆ ಮೊದಲ ಕೆಲವು ತಿಂಗಳು 12 ವೋಲ್ಟ್ ಬ್ಯಾಟರಿಯ ಬೋರ್ಡು ಮಾತ್ರ. ಸ್ವಿಚ್, ಹೋಲ್ಡರ್, ಟೂ ವೇ ಜೋಡಣೆ (ಎರಡು ಸ್ವಿಚ್ಚಿನಿಂದ ಒಂದೇ ದೀಪ) ಎಲ್ಲ ಅದರಲ್ಲೇ ಕಲಿಯಬಹುದು. 230 ವೋಲ್ಟಿಗೆ ಹೋಗುವ ಮುನ್ನ ಕೋಣೆಗೆ ಪ್ರತ್ಯೇಕ ಅರ್ಥಿಂಗ್, 6 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಬೀಳುವ ಸ್ವಿಚ್) ಇರಲೇಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಪ್ರತಿ ತರಗತಿಗೂ ಮುನ್ನ ಒಂದು ಮಗು ಒತ್ತಿ, ಬಿದ್ದದ್ದನ್ನು ನೋಡಿ, ಪುಸ್ತಕದಲ್ಲಿ ಸಹಿ ಹಾಕುತ್ತದೆ. ಲೈಟಿನ ವೈರಿಂಗ್‌ಗೆ 1.5 ಚದರ ಮಿ.ಮೀ. ತಾಮ್ರದ ವೈರು, 16 ಆಂಪಿಯರ್ ಸಾಕೆಟ್ಟಿಗೆ 2.5. ಸಾಮಾನ್ಯ ತಪ್ಪು ಎಂದರೆ ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ವೈರಿಗೆ ಕೊಡದೆ ವಾಪಸ್ ಹೋಗುವ ನ್ಯೂಟ್ರಲ್ ವೈರಿಗೆ ಕೊಡುವುದು. ಬಲ್ಬು ಹತ್ತುತ್ತದೆ, ಆರುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಆರಿಸಿದ ಮೇಲೆ ಹೋಲ್ಡರಿಗೆ ಟೆಸ್ಟರ್ ಹಿಡಿದು ತೋರಿಸಬೇಕು, ಟೆಸ್ಟರಿನ ದೀಪ ಮಿನುಗುತ್ತದೆ. ಬಲ್ಬು ಬದಲಿಸಲು ಹೋದವರಿಗೆ ಶಾಕ್ ಹೊಡೆಯುವುದು ಇಲ್ಲೇ.

ಮಕ್ಕಳು ಮಾಡುವ ಮೊದಲ ದೊಡ್ಡ ಸಾಧನ ಸೀರೀಸ್ ಬೋರ್ಡು: 100 ವ್ಯಾಟಿನ ಫಿಲಮೆಂಟ್ ಬಲ್ಬಿನ ಜೊತೆ ಒಂದು ಸಾಕೆಟ್ ಸರಣಿಯಲ್ಲಿ. ಕೆಟ್ಟ ಸಾಮಾನನ್ನು ಸಾಕೆಟ್ಟಿಗೆ ಹಾಕಿದರೆ ಬಲ್ಬು ಪೂರ್ತಿ ಉರಿದರೆ ಶಾರ್ಟ್, ಹತ್ತದೇ ಇದ್ದರೆ ಒಳಗೆಲ್ಲೋ ಕಡಿದಿದೆ ಎಂದು ಎಲ್ಲ ಎಲೆಕ್ಟ್ರಿಷಿಯನ್ನರೂ ಹೇಳಿಕೊಡುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ಮಗು ಸರಿಯಿರುವ ಇಸ್ತ್ರಿಪೆಟ್ಟಿಗೆಯನ್ನೂ ಶಾರ್ಟ್ ಎನ್ನುತ್ತದೆ. 750 ವ್ಯಾಟಿನ ಪೆಟ್ಟಿಗೆಯ ರೋಧ ಸುಮಾರು 70 ಓಮ್, ಉರಿಯುವ ಬಲ್ಬಿನದು ಸುಮಾರು 529. 230ರಲ್ಲಿ 200 ವೋಲ್ಟಿನಷ್ಟು ಬಲ್ಬಿಗೇ ಬೀಳುವುದರಿಂದ ಅದು ಹೆಚ್ಚುಕಡಿಮೆ ಪೂರ್ತಿ ಉರಿಯುತ್ತದೆ. ಇಲ್ಲಿಗೆ ಹತ್ತನೇ ತರಗತಿಯ ವಿದ್ಯುತ್ ಪಾಠ ತಾನಾಗಿ ಬಂದು ಕೂರುತ್ತದೆ. ಅದೇ ಬಲ್ಬನ್ನು ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ತೋರಿಸುವುದು 529 ಅಲ್ಲ, 40ರ ಆಸುಪಾಸು. ಮಕ್ಕಳು ಮೀಟರ್ ಕೆಟ್ಟಿದೆ ಎನ್ನುತ್ತಾರೆ. ತಣ್ಣಗಿರುವ ಫಿಲಮೆಂಟಿನ ರೋಧ ಕಡಿಮೆ, ಕಾದಾಗ ಹತ್ತು ಪಟ್ಟಿಗೂ ಹೆಚ್ಚು. ಬಲ್ಬು ಸುಡುವುದು ಬಹುತೇಕ ಸ್ವಿಚ್ ಹಾಕಿದ ಕ್ಷಣದಲ್ಲೇ ಯಾಕೆ ಎಂಬುದಕ್ಕೂ ಅಲ್ಲೇ ಉತ್ತರವಿದೆ. ಆ ದಿನ ಭೌತವಿಜ್ಞಾನದ ಶಿಕ್ಷಕರನ್ನು ವರ್ಕ್‌ಶಾಪ್‌ಗೆ ಕರೆಸುತ್ತೇವೆ. ಪಾಠವನ್ನು ಅವರು ಅಲ್ಲೇ ಮಾಡುತ್ತಾರೆ.

ಫಿಲಮೆಂಟ್ ಬಲ್ಬು ಈಗ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಬದಲಿಗೆ ಎಲ್‌ಇಡಿ ಹಾಕಬೇಡಿ. ತೀರ ಕಡಿಮೆ ಕರೆಂಟಿಗೂ ಅದು ಹತ್ತಿಬಿಡುವುದರಿಂದ ಪರೀಕ್ಷೆಗೇ ಅರ್ಥವಿರುವುದಿಲ್ಲ. ಹ್ಯಾಲೊಜೆನ್ ಬಲ್ಬು ನಡೆಯುತ್ತದೆ.

ಪ್ರೌಢಶಾಲೆಗೆ ನಾನು ಯಾವುದಾದರೂ ಒಂದೇ ಕೆಲಸ ಸೂಚಿಸಬೇಕಾದರೆ ಬಿಸಿಯೂಟದ ನೀರಿಗೆ ಇಂಗುಗುಂಡಿ. ಅಕ್ಷರ ದಾಸೋಹ ನಡೆಯುವ ಶಾಲೆಯಲ್ಲಿ ತಟ್ಟೆ ತೊಳೆದ ನೀರು ನಿಂತು ಕೊಳೆಯುವ ಜಾಗ ಒಂದಾದರೂ ಇದ್ದೇ ಇರುತ್ತದೆ. ಮೊದಲ ದಿನ ಅಗೆಯುವುದಿಲ್ಲ, ಅಳೆಯುತ್ತೇವೆ. ಹತ್ತು ಮಕ್ಕಳು ತಟ್ಟೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಸರಾಸರಿ ತೆಗೆದು, ಊಟ ಮಾಡುವವರ ಸಂಖ್ಯೆಯಿಂದ ಗುಣಿಸುತ್ತಾರೆ. ಒಬ್ಬರಿಗೆ 2 ಲೀಟರ್ ಎಂದರೆ 200 ಮಕ್ಕಳಿಗೆ 400 ಲೀಟರ್. ಅಷ್ಟೂ ನೀರು ಅರ್ಧ ಗಂಟೆಯೊಳಗೆ ಬರುತ್ತದೆ, ಆದ್ದರಿಂದ ಗುಂಡಿ ಒಂದೇ ಸಲಕ್ಕೆ ಅಷ್ಟನ್ನು ಹಿಡಿಯಬೇಕು. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಯ ಗಾತ್ರ 1000 ಲೀಟರ್. ಕಲ್ಲು ತುಂಬಿದ ಮೇಲೆ ಸಂದಿನಲ್ಲಿ ಉಳಿಯುವುದು ಸುಮಾರು 400. ಡ್ರಮ್ಮಿನಲ್ಲಿ ಕಲ್ಲು ತುಂಬಿಸಿ ನೀರು ಹೊಯ್ದು ಇದನ್ನು ಮಕ್ಕಳೇ ಕಂಡುಕೊಳ್ಳಲಿ.

ಮುಂದಿನದು ಮಣ್ಣಿನ ಪರೀಕ್ಷೆ. ಒಂದಡಿ ಆಳದ ಚಿಕ್ಕ ಗುಂಡಿ ತೋಡಿ ನೀರು ತುಂಬಿ ರಾತ್ರಿ ಬಿಡಬೇಕು. ಬೆಳಿಗ್ಗೆ ಮತ್ತೆ ಅರ್ಧಕ್ಕೆ ತುಂಬಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ನೋಡಬೇಕು. ಎರಡೂವರೆ ಸೆಂ.ಮೀ. ಕೂಡ ಇಳಿಯದಿದ್ದರೆ ಅಲ್ಲಿ ಇಂಗುಗುಂಡಿ ಬೇಡ. ಎರೆಮಣ್ಣಿನ ಕಡೆ ಬಹಳಷ್ಟು ಗುಂಡಿಗಳು ಮಳೆಗಾಲಕ್ಕೆ ಕೆರೆಯಾಗುವುದು ಈ ಪರೀಕ್ಷೆ ಮಾಡದೆ ತೋಡಿದ್ದರಿಂದ. ಅಂಥಲ್ಲಿ ನೀರನ್ನು ಬಾಳೆ, ಕೆಸುವಿನ ಪಾತಿಗೆ ಹರಿಸುವುದೇ ಸರಿ. ಬಾವಿ, ಕೊಳವೆಬಾವಿಯಿಂದ ಕನಿಷ್ಠ 15 ಮೀಟರ್ ದೂರ ಬಿಡಬೇಕು.

ಗುಂಡಿಯ ಮೂಲೆ 90 ಡಿಗ್ರಿ ಇದೆಯೋ ನೋಡಲು ಗಾರೆ ಮೇಸ್ತ್ರಿ ದಾರದಲ್ಲಿ ಮೂರಡಿ, ನಾಲ್ಕಡಿ, ಐದಡಿ ಹಿಡಿಯುತ್ತಾರೆ. ಪೈಥಾಗೊರಸ್ ಪ್ರಮೇಯ ಬಾಯಿಪಾಠ ಮಾಡಿದ ಮಕ್ಕಳು ಅದನ್ನು ನೆಲದ ಮೇಲೆ ನೋಡುವುದು ಆಗಲೇ. ಪೈಪಿನ ಇಳಿಜಾರು 50ಕ್ಕೆ 1, ಅಂದರೆ ಆರು ಮೀಟರ್ ದೂರಕ್ಕೆ 12 ಸೆಂ.ಮೀ. ಮಟ್ಟ ನೋಡಲು ನೀರು ತುಂಬಿದ ಲೆವೆಲ್ ಟ್ಯೂಬಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಅಳತೆ ತಪ್ಪುತ್ತದೆ, ಎರಡೂ ತುದಿ ಜೋಡಿಸಿ ನೀರು ಸಮ ನಿಂತದ್ದನ್ನು ನೋಡಿಯೇ ಶುರು ಮಾಡಬೇಕು. ಒಂದು ಮೀಟರಿಗಿಂತ ಆಳ ಹೋಗಬೇಡಿ, ಪಕ್ಕದ ಮಣ್ಣು ಕುಸಿಯುತ್ತದೆ.

ಇಂಗುಗುಂಡಿಯನ್ನು ಕೊಲ್ಲುವುದು ಅನ್ನದ ಅಗುಳು ಮತ್ತು ಸಾರಿನ ಜಿಡ್ಡು. ಗುಂಡಿಗೆ ಮುಂಚೆ ಒಂದೂವರೆ ಅಡಿ ಚೌಕದ ಒಂದು ಚಿಕ್ಕ ತೊಟ್ಟಿ ಕಟ್ಟಿ, ಅದರ ಬಾಯಿಗೆ ಜಾಲರಿ ಹಾಕಿ, ಹೊರಹೋಗುವ 3 ಇಂಚಿನ ಪೈಪಿಗೆ ಒಳಭಾಗದಲ್ಲಿ ಎಲ್ಬೋವನ್ನು ಕೆಳಮುಖವಾಗಿ ಕೂರಿಸಬೇಕು. ಜಿಡ್ಡು ಮೇಲೆ ತೇಲುತ್ತದೆ, ಅಗುಳು ತಳಕ್ಕೆ ಇಳಿಯುತ್ತದೆ, ನಡುವಿನ ನೀರು ಮಾತ್ರ ಗುಂಡಿಗೆ ಹೋಗುತ್ತದೆ. ಗುಂಡಿಯ ತಳಕ್ಕೆ ದಪ್ಪ ಕಲ್ಲು, ನಡುವೆ ಮುಷ್ಟಿ ಗಾತ್ರದ್ದು, ಮೇಲೆ ಜಲ್ಲಿ. ಅದರ ಮೇಲೆ ಗೊಬ್ಬರದ ಹಳೇ ಪ್ಲಾಸ್ಟಿಕ್ ಚೀಲ ಹಾಸಿ ಮಣ್ಣು ಮುಚ್ಚಿದರೆ ಮಳೆಗೆ ಮಣ್ಣು ಕಲ್ಲಿನ ಸಂದಿಗೆ ಇಳಿಯದು. ತೊಟ್ಟಿಯನ್ನು ವಾರಕ್ಕೊಮ್ಮೆ ತೆಗೆಯದಿದ್ದರೆ ಇಷ್ಟೆಲ್ಲ ಮಾಡಿದ್ದೂ ದಂಡ.

ಆ ತೊಟ್ಟಿ ತೆಗೆಯುವುದು ಯಾರು ಎಂಬ ಪ್ರಶ್ನೆಯನ್ನು ಹಗುರವಾಗಿ ಬಿಡಬಾರದು. ಯಾರಿಗೆ ಇಷ್ಟವೋ ಅವರು ಎಂದು ಬಿಟ್ಟರೆ ಊರಿನ ಜಾತಿ ಲೆಕ್ಕವೇ ಶಾಲೆಯೊಳಗೆ ಬಂದು ಕೂರುತ್ತದೆ. ಹಾಜರಿ ಸಂಖ್ಯೆಯ ಪ್ರಕಾರ ಸರದಿ, ಮೊದಲ ಸರದಿ ಶಿಕ್ಷಕರದ್ದು, ಉದ್ದ ಹಿಡಿಕೆಯ ಸೌಟು, ಗ್ಲೌಸ್, ಸೋಪು. ಇದರಲ್ಲಿ ರಿಯಾಯಿತಿ ಕೊಡುವುದಿಲ್ಲ. ಹೆಣ್ಣುಮಕ್ಕಳಿಗೆ ಹೊಲಿಗೆ, ಗಂಡುಮಕ್ಕಳಿಗೆ ವೈರಿಂಗ್ ಎಂಬ ಹಂಚಿಕೆಯೂ ಹೀಗೆಯೇ. ನಾಲ್ಕೂ ವಿಭಾಗ ಎಲ್ಲರಿಗೂ ಕಡ್ಡಾಯವಾದರೆ ಆ ಪ್ರಶ್ನೆ ಏಳುವುದಿಲ್ಲ.

ಪೋಷಕರ ಸಭೆಯಲ್ಲಿ ಬರುವ ಮಾತು ಒಂದೇ: “ಓದಲಿ ಅಂತ ಕಳಿಸಿದ್ರೆ ಕೂಲಿ ಕೆಲಸ ಮಾಡಿಸ್ತೀರಾ, ಸರ್?” ಇದು ನ್ಯಾಯವಾದ ಪ್ರಶ್ನೆ. ಮಕ್ಕಳು ಮಾಡಿದ ಕೆಲಸದ ದಾಖಲೆಯಾದ ಜಾಬ್ ಕಾರ್ಡನ್ನು ಪೋಷಕರ ಕೈಗೆ ಕೊಡುವುದೇ ನಮ್ಮ ಉತ್ತರ. ಅದರಲ್ಲಿ ಅಳತೆ ಸಮೇತ ನಕ್ಷೆ, ಸಾಮಗ್ರಿ ಪಟ್ಟಿ, ಖರ್ಚಿನ ಲೆಕ್ಕ, ಏನು ತಪ್ಪಿತು, ಯಾಕೆ ಎಂಬುದು ಇರುತ್ತದೆ. ಗಣಿತ ಮತ್ತು ವಿಜ್ಞಾನದ ಶಿಕ್ಷಕರು ಅದರ ಮೇಲೆ ಸಹಿ ಮಾಡಿರುತ್ತಾರೆ. ಗ್ಯಾರೇಜು, ಅಂಗಡಿಗಳಿಗೆ ಮಕ್ಕಳನ್ನು ಕಳಿಸುವಾಗ ಬಾಲಕಾರ್ಮಿಕ ಕಾಯ್ದೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 14 ತುಂಬದವರನ್ನು ದುಡಿಸುವಂತಿಲ್ಲ, 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಎಂಟನೇ ತರಗತಿಯವರದ್ದು ನೋಡಿ ಬರುವ ಭೇಟಿ ಮಾತ್ರ, ಶಿಕ್ಷಕರು ಜೊತೆಗಿರಬೇಕು.

ಕಸುಬುದಾರರನ್ನು ಕರೆತಂದರೆ ಅವರು ತಾವೇ ಮಾಡಿ ಮುಗಿಸಿಬಿಡುತ್ತಾರೆ, ಮಕ್ಕಳು ಸುತ್ತ ನಿಂತು ನೋಡುತ್ತಾರೆ. ಕೆಲಸ ಬಲ್ಲವರ ಕೈ ಸುಮ್ಮನಿರದು. ಒಂದು ಸಲ ಮಾಡಿ ತೋರಿಸಿದ ಮೇಲೆ ಉಪಕರಣ ಮುಟ್ಟದೆ ಬಾಯಲ್ಲಿ ಹೇಳುವುದು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳುತ್ತೇವೆ. ಹೊರಗಿನ ಪರೀಕ್ಷಕರು ಬರುವ ಮುನ್ನ ಮಕ್ಕಳಿಗೆ ಉಪಕರಣಗಳ ಪುಸ್ತಕದ ಹೆಸರೂ ತಿಳಿದಿರಬೇಕು. ಅರ ಹಿಡಿದು ಚೆನ್ನಾಗಿ ಉಜ್ಜುವ ಮಗು ಫೈಲ್ ಎಂದರೆ ಸುಮ್ಮನಾದರೆ ಅಂಕ ಹೋಗುತ್ತದೆ. ಗೋಡೆಗೆ ಎರಡೂ ಹೆಸರಿನ ಪಟ್ಟಿ ಹಾಕಿದರೆ ಸಾಕು.

ಊರಿನವರ ರಿಪೇರಿ ಕೆಲಸ ಒಪ್ಪಿಕೊಳ್ಳುವುದಾದರೆ ಪಂಪ್‌ಸೆಟ್ಟಿನ ಸ್ಟಾರ್ಟರ್, ತ್ರೀ ಫೇಸ್ ಯಾವುದೂ ಬೇಡ. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡ್ ಸಾಕು. ದುಡ್ಡು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೆ, ರಸೀದಿ ಸಮೇತ. ಲೆಕ್ಕ ಹಾಕುವಾಗ ಮಕ್ಕಳು ಸ್ಕ್ರೂ, ಟೇಪು, ಕತ್ತರಿಸಿ ಎಸೆದ ವೈರಿನ ತುಂಡು ಮತ್ತು ತಮ್ಮ ಸಮಯವನ್ನು ಬಿಟ್ಟಿರುತ್ತಾರೆ, ಅವನ್ನು ಸೇರಿಸಿದ ಮೇಲೆ ಅಂಗಡಿ ಬೆಲೆಯ ಜೊತೆ ಹೋಲಿಸಲಿ. ವಾರ್ಷಿಕ ಅನುದಾನ ಬಂದಾಗ ಯಂತ್ರಕ್ಕೆ ಪೂರ್ತಿ ಸುರಿಯದೆ ಬ್ಲೇಡು, ವೈರು, ಸೋಲ್ಡರ್, ಡ್ರಿಲ್ ಬಿಟ್, ಬೀಜ ಇಂಥ ಖರ್ಚಾಗುವ ಸಾಮಾನಿಗೆ ಮೂರನೇ ಒಂದು ಭಾಗವನ್ನಾದರೂ ಎತ್ತಿಡಿ. ಡಿಸೆಂಬರ್ ಹೊತ್ತಿಗೆ ಕೆಲಸ ನಿಲ್ಲುವುದು ಹೆಚ್ಚಾಗಿ ಇಪ್ಪತ್ತು ರೂಪಾಯಿಯ ಬ್ಲೇಡು ಇಲ್ಲದ್ದಕ್ಕೆ.