ಹಳೇ ವೀಲ್ ಕೊಡುವ ಮುನ್ನ ಒಳಗಿನ ಸೆನ್ಸರ್ ಬಿಚ್ಚಿಸಿಕೊಳ್ಳಿ

ಶಿರಾ ಕಡೆಯಿಂದ ರಾತ್ರಿ ಬರುವಾಗ ನನ್ನ ಕಾರು ಸರ್ವೀಸ್ ರಸ್ತೆಯ ಗುಂಡಿಗೆ ಬಿತ್ತು. ಎಡಗಡೆಯ ಮುಂದಿನ ಅಲಾಯ್ ವೀಲ್ ಬಿರುಕು ಬಿಟ್ಟಿತು. ಟಯರ್‌ಗಳೂ ಸವೆದಿದ್ದವು. ಎಲ್ಲವನ್ನೂ ಒಟ್ಟಿಗೇ ಬದಲಿಸೋಣ ಎಂದು ತುಮಕೂರಿನ ಒಂದು ಅಂಗಡಿಗೆ ಹೋದೆ. ಕೆಲಸ ಮುಗಿದ ಮೇಲೆ ಹಳೇ ವೀಲ್‌ಗಳನ್ನು ಅಲ್ಲೇ ಎಕ್ಸ್‌ಚೇಂಜ್‌ಗೆ ಕೊಟ್ಟು, ಬಿಲ್ಲಿನಲ್ಲಿ ಒಂದಿಷ್ಟು ಕಳೆಸಿ, ಖುಷಿಯಾಗಿ ಮನೆಗೆ ಬಂದೆ. ಮರುದಿನ ಕ್ಯಾತ್ಸಂದ್ರ ದಾಟುವ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣುಕತೊಡಗಿತು. ಇಳಿದು ನೋಡಿದರೆ ಗಾಳಿ ಸರಿಯಾಗಿಯೇ ಇದೆ. ಆಮೇಲೆ ಹೊಳೆಯಿತು: ಗಾಳಿಯ ಒತ್ತಡ ಅಳೆಯುವ ನಾಲ್ಕೂ ಸೆನ್ಸರ್‌ಗಳು ಹಳೇ ವೀಲ್‌ಗಳ ಒಳಗೇ ಕೂತು ಮಾರಾಟವಾಗಿದ್ದವು!

ನೀವು ಹಾಗೆ ಮಾಡಬೇಡಿ. ಮೊದಲು ನಿಮ್ಮ ಕಾರಿನಲ್ಲಿ ಇರುವುದು ಯಾವ ಬಗೆ ಎಂದು ತಿಳಿದುಕೊಳ್ಳಿ. ಒಂದೊಂದು ಟಯರಿನ ಒತ್ತಡವನ್ನೂ ಬೇರೆ ಬೇರೆ ಅಂಕಿಯಲ್ಲಿ ತೋರಿಸಿದರೆ ವೀಲ್ ಒಳಗೆ ಸೆನ್ಸರ್ ಇದೆ ಎಂದೇ ಅರ್ಥ. ವಾಲ್ವ್ ಲೋಹದ್ದಾಗಿದ್ದರೆ ಅದೂ ಒಂದು ಸುಳಿವು. ಆದರೆ ರಬ್ಬರ್ ವಾಲ್ವಿಗೆ ಕೂರಿಸಿದ ಸೆನ್ಸರ್‌ಗಳೂ ಇವೆ. ಇನ್ನು ಕೆಲವು ಕಾರುಗಳಲ್ಲಿ ವೀಲ್ ಒಳಗೆ ಏನೂ ಇರುವುದಿಲ್ಲ. ಗಾಳಿ ಕಡಿಮೆಯಾದ ಟಯರ್ ಉಳಿದವುಗಳಿಗಿಂತ ಸ್ವಲ್ಪ ಜೋರಾಗಿ ಸುತ್ತುತ್ತದೆ, ಅದನ್ನು ಬ್ರೇಕಿನ ಎಬಿಎಸ್ ವ್ಯವಸ್ಥೆ ಪತ್ತೆ ಹಚ್ಚುತ್ತದೆ. ಇಂಥ ಕಾರಿನಲ್ಲಿ ಹೊಸ ಟಯರ್ ಹಾಕಿಸಿ ರಿಸೆಟ್ ಮಾಡಿದರೆ ಮುಗಿಯಿತು.

ವೀಲ್ ಕೊಳ್ಳುವಾಗ ನೋಡಬೇಕಾದ್ದು

ಅಂಗಡಿಯವರು ಪಿಸಿಡಿ ಎನ್ನುವುದು ಬೋಲ್ಟ್‌ಗಳ ಲೆಕ್ಕ. ಸ್ವಿಫ್ಟ್‌ಗೆ 4×100, ಅಂದರೆ ನಾಲ್ಕು ಬೋಲ್ಟ್, ಅವು ಕೂತಿರುವ ವೃತ್ತದ ವ್ಯಾಸ 100 ಮಿ.ಮೀ. ಕ್ರೆಟಾಗೆ 5×114.3. ಇದು ಒಂದೇ ಒಂದು ಮಿಲಿಮೀಟರ್ ತಪ್ಪಿದರೂ ಬೇಡ, ‘ಅಡ್ಜಸ್ಟ್ ಆಗುತ್ತೆ ಸಾರ್’ ಎಂದರೂ ಬೇಡ. ಮಧ್ಯದ ತೂತು ಕಾರಿನ ಹಬ್‌ಗಿಂತ, ಅಂದರೆ ವೀಲ್ ಕೂರುವ ನಡುಭಾಗಕ್ಕಿಂತ, ದೊಡ್ಡದಿದ್ದರೆ ನಡುವೆ ರಿಂಗ್ ಹಾಕಿಸಿ. ಇಲ್ಲದಿದ್ದರೆ ಹೈವೇಯಲ್ಲಿ ಸ್ಟೇರಿಂಗ್ ನಡುಗಬಹುದು. ನಟ್‌ಗಳ ಬುಡವೂ ಹೊಸ ವೀಲಿನ ಕುಳಿಗೆ ಹೊಂದಬೇಕು. ಕೋನ್ ಆಕಾರದ ಕುಳಿಗೆ ಕೋನ್ ನಟ್ಟೇ ಆಗಬೇಕು.

ಸೆನ್ಸರ್‌ಗೂ ಜಾಗ ಬೇಕಲ್ಲ? ವಾಲ್ವಿನ ತೂತು ಸಾಮಾನ್ಯವಾಗಿ 11.3ರಿಂದ 11.5 ಮಿ.ಮೀ. ಇರುತ್ತದೆ. ಟಯರ್ ಏರಿಸುವ ಮೊದಲು ಸೆನ್ಸರನ್ನು ಖಾಲಿ ವೀಲಿಗೆ ಕೂರಿಸಿ ನೋಡಿ. ಅದರ ಪ್ಲಾಸ್ಟಿಕ್ ಮೈ ರಿಮ್ಮಿನ ತಗ್ಗಿನಲ್ಲಿ ಅಡಗಿ ಕೂರಬೇಕು, ಮೇಲೆದ್ದು ನಿಂತರೆ ಟಯರಿನ ಅಂಚು ತಾಗಿ ಮುರಿಯುತ್ತದೆ.

ಹಳೇ ಸೆನ್ಸರ್ ಮತ್ತೆ ಬಳಸಬಹುದಾ? ಬಳಸಬಹುದು. ಆದರೆ ಅದರ ಬ್ಯಾಟರಿಯನ್ನು ಒಳಗೇ ಸೀಲ್ ಮಾಡಿರುತ್ತಾರೆ, ಬದಲಿಸಲು ಬರುವುದಿಲ್ಲ. ಆಯಸ್ಸು ಸುಮಾರು ಐದರಿಂದ ಹತ್ತು ವರ್ಷ. ಕಾರಿಗೆ ಆರೇಳು ವರ್ಷ ಆಗಿದ್ದರೆ ಹೊಸತೇ ಹಾಕಿಸಿ ಎನ್ನುತ್ತೇನೆ. ಒಂದು ವರ್ಷಕ್ಕೆ ಬ್ಯಾಟರಿ ಸತ್ತರೆ ಮತ್ತೆ ಟಯರ್ ಬಿಚ್ಚಿಸಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕೊಳ್ಳುವವರು ಸೆನ್ಸರಿನ ರೇಡಿಯೋ ಫ್ರೀಕ್ವೆನ್ಸಿ ನೋಡಿಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 433 ಮೆಗಾಹರ್ಟ್ಸ್. ಅಮೆರಿಕದ ಕಾರುಗಳಿಗೆಂದು ಬಂದ 315ರ ಸೆನ್ಸರ್ ಹಾಕಿದರೆ ಅದು ಎಷ್ಟು ಕೂಗಿದರೂ ಕಾರಿಗೆ ಕೇಳಿಸುವುದಿಲ್ಲ.

ಮಷಿನ್ ಪಕ್ಕದಲ್ಲೇ ನಿಲ್ಲಿ

ಹೊಸ ಟಯರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದದ್ದು. ಅಳತೆ ಹೇಗೂ ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಇರುತ್ತದೆ.

ಕೆಲಸ ಶುರುವಾಗುವ ಮೊದಲೇ ‘ಅಣ್ಣಾ, ಒಳಗೆ ಸೆನ್ಸರ್ ಇದೆ’ ಎಂದು ಹೇಳಿಬಿಡಿ. ನಾಚಿಕೆ ಬೇಡ. ಹೆಚ್ಚು ಸೆನ್ಸರ್‌ಗಳು ಮುರಿಯುವುದು ಟಯರ್ ಬಿಚ್ಚುವಾಗ, ಅಂಚನ್ನು ಒತ್ತುವ ಮಷಿನ್ ತೋಳು ವಾಲ್ವಿನ ಪಕ್ಕದಲ್ಲೇ ಬಿದ್ದಾಗ. ಅದು ವಾಲ್ವಿಗೆ ಆದಷ್ಟು ದೂರದಲ್ಲಿ ಒತ್ತಬೇಕು. ಹೊಸ ಟಯರ್ ಏರಿಸುವಾಗಲೂ ಅಷ್ಟೇ. ಕೊನೆಗೆ ಬಿಗಿಯಾಗಿ ಎಳೆದುಕೊಂಡು ಒಳಗೆ ಜಾರುವ ಭಾಗ ಸೆನ್ಸರ್ ಮೇಲೆ ಬರಬಾರದು.

ಲೋಹದ ವಾಲ್ವ್ ಆಗಿದ್ದರೆ ರಬ್ಬರ್ ವಾಷರ್, ನಟ್, ಒಳಗಿನ ಪಿನ್ ಮೂರನ್ನೂ ಹೊಸದಾಗಿ ಹಾಕಿಸಿ. ಪಿನ್ ನಿಕ್ಕಲ್ ಲೇಪದ್ದೇ ಇರಲಿ, ಬರೀ ಹಿತ್ತಾಳೆಯದು ಅಲ್ಯೂಮಿನಿಯಂ ಜೊತೆ ಸೇರಿ ಕಿಲುಬು ಹಿಡಿದು ಕಚ್ಚಿಕೊಳ್ಳುತ್ತದೆ. ಚಂದ ಕಾಣುತ್ತದೆಂದು ಹಿತ್ತಾಳೆ ಮುಚ್ಚಳ ಹಾಕಿಸುವುದೂ ಬೇಡ, ಪ್ಲಾಸ್ಟಿಕ್ಕಿನದೇ ಒಳ್ಳೆಯದು. ವಾಲ್ವಿನ ನಟ್ಟಿಗೆ ಬೇಕಾದ ಬಿಗಿ ತುಂಬಾ ಕಡಿಮೆ, ಹೆಚ್ಚಿನವಕ್ಕೆ 4ರಿಂದ 8 ನ್ಯೂಟನ್ ಮೀಟರ್ ಸಾಕು. ಹುಡುಗರು ಅಭ್ಯಾಸಬಲದಿಂದ ಜೋರಾಗಿ ತಿರುಗಿಸಿದರೆ ವಾಲ್ವ್ ಮುರಿಯುತ್ತದೆ.

ಗಾಳಿ ತುಂಬಿಸಿ, ವಾಲ್ವಿನ ಬುಡಕ್ಕೆ ಸೋಪ್ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಸೆನ್ಸರ್‌ಗೂ ಒಂದಿಷ್ಟು ಗ್ರಾಂ ತೂಕವಿದೆ, ಹಾಗಾಗಿ ಬ್ಯಾಲೆನ್ಸಿಂಗ್ ಬಿಡುವಂತಿಲ್ಲ. ನೈಟ್ರೋಜನ್ ಬೇಕಾ ಎಂದು ಕೇಳುತ್ತಾರೆ. ಸಾದಾ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ, ನಾನಂತೂ ಅದಕ್ಕೆ ಸುಮ್ನೆ ದುಡ್ಡು ಕೊಡುವುದಿಲ್ಲ.

ಕಾರಿಗೆ ಪರಿಚಯ ಮಾಡಿಸುವುದು

ಪ್ರತಿ ಸೆನ್ಸರ್‌ಗೂ ತನ್ನದೇ ನಂಬರ್ ಇರುತ್ತದೆ. ಹೊಸ ನಂಬರನ್ನು ಕೆಲವು ಕಾರುಗಳು ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಹಚ್ಚಿ ಹೇಳಿಕೊಡಬೇಕು. ಅಂಗಡಿಯಲ್ಲಿ ಆ ಸ್ಕ್ಯಾನರ್ ಇದೆಯಾ ಎಂದು ಮೊದಲೇ ಕೇಳಿ. ತಾನೇ ಕಲಿಯುವ ಕಾರಾದರೆ ಓಡಿಸಲೇಬೇಕು, ಯಾಕೆಂದರೆ ನಿಂತ ಕಾರಿನಲ್ಲಿ ಸೆನ್ಸರ್ ಬ್ಯಾಟರಿ ಉಳಿಸಲು ನಿದ್ದೆ ಮಾಡುತ್ತಿರುತ್ತದೆ. ಚಕ್ರ ಸುತ್ತಿದರೆ ಏಳುತ್ತದೆ. ಹೊಸ ಸೆನ್ಸರ್ ಹಾಕಿಸಿದ ಮೇಲೆ ನಾನು ಶಿರಾ ಗೇಟಿನಿಂದ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋದೆ. ಇಡ್ಲಿ ಸಿಗುವ ಮೊದಲೇ ನಾಲ್ಕೂ ಅಂಕಿ ಬಂದಿದ್ದವು.

ದೀಪ ಸುಮಾರು ಒಂದು ನಿಮಿಷ ಮಿಣುಕಿ ಆಮೇಲೆ ಉರಿಯುತ್ತಲೇ ಇದ್ದರೆ ಸಾಮಾನ್ಯವಾಗಿ ತೊಂದರೆ ಸೆನ್ಸರಿನದು. ಮಿಣುಕದೆ ಉರಿದರೆ ಗಾಳಿ ಕಡಿಮೆ. ಸ್ಟೆಪ್ನಿಯಲ್ಲಿ ಹೆಚ್ಚಾಗಿ ಸೆನ್ಸರ್ ಇರುವುದಿಲ್ಲ, ಅದನ್ನು ಹಾಕಿದಾಗ ದೀಪ ಬಂದರೆ ಗಾಬರಿ ಬೇಡ. ಗಾಳಿಯನ್ನು ಬೆಳಗ್ಗೆ, ಟಯರ್ ತಣ್ಣಗಿರುವಾಗಲೇ ಅಳೆಯಿರಿ. ಬೆಂಗಳೂರಿನವರೆಗೆ ಓಡಿಸಿ ಅಲ್ಲಿ ನೋಡಿದರೆ ಬಿಸಿಗೆ ಜಾಸ್ತಿಯೇ ತೋರಿಸುತ್ತದೆ. ಆಗ ಗಾಳಿ ಇಳಿಸಬೇಡಿ.

ವೀಲ್ ನಟ್‌ಗಳನ್ನು ಬರೀ ಗನ್ನಿನಿಂದ ಬಿಗಿದು ಕಳಿಸಿದರೆ ಒಪ್ಪಬೇಡಿ. ಒಂದಾದ ಮೇಲೆ ಅದರ ಎದುರಿನದು ಎಂಬಂತೆ, ಬಿಗಿ ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ ಬಿಗಿಸಿ. ಕ್ರೆಟಾಗಾದರೆ 107ರಿಂದ 127 ನ್ಯೂಟನ್ ಮೀಟರ್, ಬೇರೆ ಕಾರಿನದು ಅದರ ಪುಸ್ತಕದಲ್ಲಿರುತ್ತದೆ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ನೋಡಿಸಿ. ಹಳೇ ವೀಲ್‌ಗಳು ಅಷ್ಟರವರೆಗೂ ನಿಮ್ಮ ಮನೆಯಲ್ಲೇ ಇರಲಿ.